ದಾದಿಯರ ವಿದ್ಯೆಗೆ ಬೆಲೆ ತಂದುಕೊಟ್ಟ ಅಡಿಲೇಡ್ ನಟಿಂಗ್

ದಾದಿ ಎಂದೊಡನೆ ನಮ್ಮೆಲ್ಲರ ನೆನಪಿಗೆ ಬರುವ ಹೆಸರು ಫ್ಲಾರೆನ್ಸ್ ನೈಟಿಂಗೇಲ್. ಶಾಲೆಯ ಪಾಠಪುಸ್ತಕದಲ್ಲೋ ಆಸ್ಪತ್ರೆಯ ಗೋಡೆಯಲ್ಲೋ, ಕೈಯಲ್ಲಿ ದೀಪ ಹಿಡಿದು ನಿಂತ ಆ ಮಹಿಳೆಯ ಚಿತ್ರವನ್ನು ಕಾಣದವರು ವಿರಳ. ರೋಗಿಯ ಶುಶ್ರೂಷೆ ಗೌರವದ ಉದ್ಯೋಗವೆಂದು ಲೋಕಕ್ಕೆ ಮನವರಿಕೆ ಮಾಡಿಕೊಟ್ಟವರು ಅವರು. ಆದರೆ ಆ ಶುಶ್ರೂಷೆಯನ್ನು ಕಲಿಸುವವರು ಯಾರು? ಕಲಿಸುವವರಿಗೆ ಕಲಿಸುವವರು ಯಾರು? ಆ ಕಲಿಕೆಯ ಖರ್ಚನ್ನು ಹೊರಬೇಕಾದವರು ಯಾರು? ಈ ಮೂರು ಪ್ರಶ್ನೆಗಳ ಬೆನ್ನು ಹತ್ತಿ ತಮ್ಮ ಆಯುಷ್ಯದ ಬಹುಭಾಗವನ್ನು ಕಳೆದ ಇನ್ನೊಬ್ಬ ಮಹಿಳೆಯಿದ್ದರು. ಅವರೇ ಮೇರಿ ಅಡಿಲೇಡ್ ನಟಿಂಗ್. ನರ್ಸಿಂಗ್ ವಿದ್ಯೆಯಲ್ಲಿ ಪಳಗಿದವರಿಗೆಲ್ಲ ಸುಪರಿಚಿತವಾದ ಈ ಹೆಸರು ನಮ್ಮ ಮನೆಗಳಲ್ಲಿ ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ.

ಕೇಳಿಬರಬೇಕಾಗಿತ್ತು ಎಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ನಮ್ಮ ನಡುವೆ ಮಗಳೋ ಸೊಸೆಯೋ ತಂಗಿಯೋ ದಾದಿಯಾಗಿರುವ ಮನೆಗಳು ಒಂದೆರಡಲ್ಲ. ತಲಪಾಡಿ ದಾಟಿ ಮಂಗಳೂರಿನಲ್ಲಿ ಕಲಿತು, ಅಲ್ಲಿಂದ ಕೊಲ್ಲಿ ರಾಷ್ಟ್ರಗಳಿಗೂ ಇಂಗ್ಲೆಂಡಿಗೂ ಹೋಗಿ ದುಡಿಯುವವರು ಎಷ್ಟೋ ಮಂದಿ. ಅವರ ಮುಂದೆ ಇಂದು ಪದವಿ, ಸ್ನಾತಕೋತ್ತರ ಪದವಿ, ಡಾಕ್ಟರೇಟು ಎಂಬ ಮೆಟ್ಟಿಲುಗಳಿವೆ. ಈ ಮೆಟ್ಟಿಲುಗಳು ತಾವಾಗಿ ಎದ್ದು ನಿಂತವಲ್ಲ. ಒಂದೊಂದು ಕಲ್ಲನ್ನೂ ಯಾರೋ ಹೊತ್ತು ತಂದಿಡಬೇಕಾಯಿತು. ಹಾಗೆ ಮೊದಲ ಕಲ್ಲುಗಳನ್ನು ಹೊತ್ತವರಲ್ಲಿ ನಟಿಂಗ್ ಪ್ರಮುಖರು.

ಬಾಲ್ಯ ಮತ್ತು ಸಂಗೀತ

ಅಡಿಲೇಡ್ ನಟಿಂಗ್ ಹುಟ್ಟಿದ್ದು 1858ರ ನವೆಂಬರ್ 1ರಂದು, ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ಫ್ರಾಸ್ಟ್ ವಿಲೇಜ್ ಎಂಬ ಹಳ್ಳಿಯಲ್ಲಿ. ನವೆಂಬರ್ 1 ನಮ್ಮ ಜಿಲ್ಲೆಯ ಕನ್ನಡಿಗರು ಮರೆಯುವ ದಿನವಲ್ಲವಾದ್ದರಿಂದ ಈ ತಾರೀಖು ನಮ್ಮ ಓದುಗರ ನೆನಪಿನಲ್ಲಿ ಸುಲಭವಾಗಿ ಉಳಿದೀತು. ಇನ್ನೊಂದು ಸಾಮ್ಯವೂ ಇದೆ. ಕ್ವಿಬೆಕ್ ಪ್ರಾಂತದ ಬಹುಸಂಖ್ಯಾತರ ಭಾಷೆ ಫ್ರೆಂಚ್. ನಟಿಂಗರ ಮನೆಮಾತು ಇಂಗ್ಲಿಷ್. ಆ ಪ್ರಾಂತದ ಒಂದು ಮೂಲೆಯಲ್ಲಿ ತಲೆಮಾರುಗಳಿಂದ ನೆಲೆನಿಂತ ಇಂಗ್ಲಿಷ್ ಭಾಷಿಕರ ನಡುವೆ ಅವರು ಬೆಳೆದರು. ಇಂಗ್ಲಿಷ್ ಲೋಕದಲ್ಲೆಲ್ಲ ದೊಡ್ಡ ಭಾಷೆಯಾದರೂ ಆ ಪ್ರಾಂತದಲ್ಲಿ ಅದು ಅಲ್ಪಸಂಖ್ಯಾತರ ಭಾಷೆಯೇ.

ತಂದೆ ನ್ಯಾಯಾಲಯದಲ್ಲಿ ಗುಮಾಸ್ತರು. ಅಡಿಲೇಡ್ ಚಿಕ್ಕ ಮಗುವಾಗಿದ್ದಾಗಲೇ ಕುಟುಂಬ ಹತ್ತಿರದ ವಾಟರ್ಲೂ ಎಂಬ ಊರಿಗೆ ಬಂದು ನೆಲೆಸಿತು. ನೆಪೋಲಿಯನ್ ಸೋತ ವಾಟರ್ಲೂ ಅಲ್ಲ, ಅದೇ ಹೆಸರಿನ ಕೆನಡಾದ ಸಣ್ಣ ಪೇಟೆ. ದೊಡ್ಡ ಆಸ್ತಿವಂತರಲ್ಲದಿದ್ದರೂ ಹೆಣ್ಣುಮಕ್ಕಳಿಗೆ ಓದು ಬೇಡವೆನ್ನುವ ಮನೆ ಅದಾಗಿರಲಿಲ್ಲ. ಅಡಿಲೇಡ್ ಸಂಗೀತವನ್ನೂ ಚಿತ್ರವಿನ್ಯಾಸವನ್ನೂ ಕಲಿತರು. ಪಿಯಾನೋ ನುಡಿಸುವುದರಲ್ಲಿ ಅವರಿಗೆ ಒಳ್ಳೆಯ ಕೈ ಇತ್ತು. 1882ರ ಸುಮಾರಿಗೆ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಸೇಂಟ್ ಜಾನ್ಸ್ ನಗರದಲ್ಲಿ ಹುಡುಗಿಯರ ಶಾಲೆಯೊಂದರಲ್ಲಿ ಸಂಗೀತದ ಅಧ್ಯಾಪಕಿಯಾಗಿಯೂ ದುಡಿದರು.

1884ರಲ್ಲಿ ತಾಯಿ ತೀರಿಕೊಂಡರು. ಮನೆಯಲ್ಲಿ ರೋಗಿಯೊಬ್ಬರು ಹಾಸಿಗೆ ಹಿಡಿದರೆ ಆ ಕಾಲದಲ್ಲಿ ನೋಡಿಕೊಳ್ಳುತ್ತಿದ್ದವರು ಮನೆಯ ಹೆಣ್ಣುಮಕ್ಕಳೇ. ಪ್ರೀತಿಗೆ ಕೊರತೆ ಇರಲಿಲ್ಲ. ಆದರೆ ಜ್ವರ ಏರಿದಾಗ ಏನು ಮಾಡಬೇಕು, ಉಸಿರು ಕಟ್ಟಿದಾಗ ಹೇಗೆ ಮಲಗಿಸಬೇಕು, ಹುಣ್ಣಾಗದಂತೆ ಮಗ್ಗುಲು ಹೇಗೆ ಬದಲಾಯಿಸಬೇಕು ಎಂಬುದು ಪ್ರೀತಿಯಿಂದಲೇ ತಿಳಿದುಬರುವ ಸಂಗತಿಗಳಲ್ಲ. ಅವು ಕಲಿಯಬೇಕಾದ ಸಂಗತಿಗಳು.

ಮೂವತ್ತರ ಮೇಲೆ ಹೊಸ ಹಾದಿ

1889ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ತೆರೆಯಿತು. ಅದೇ ವರ್ಷ ಆಸ್ಪತ್ರೆಗೆ ಸೇರಿದಂತೆ ದಾದಿಯರ ತರಬೇತಿ ಶಾಲೆಯೂ ಆರಂಭವಾಯಿತು. ಅದರ ಮುಖ್ಯಸ್ಥೆ ಇಸಬೆಲ್ ಹ್ಯಾಂಪ್ಟನ್, ಅವರೂ ಕೆನಡಾದವರೇ. ಅಡಿಲೇಡ್ ನಟಿಂಗ್ ಈ ಶಾಲೆಯ ಮೊದಲ ತಂಡಕ್ಕೆ ಸೇರಿದರು. ಆಗ ಅವರ ವಯಸ್ಸು 31ರ ಹೊಸ್ತಿಲಲ್ಲಿತ್ತು. ಹೆಣ್ಣೊಬ್ಬಳ ಬದುಕು ಆ ವಯಸ್ಸಿಗೆ ಒಂದು ದಡ ಸೇರಿರಬೇಕು ಎಂದು ಜನ ಲೆಕ್ಕ ಹಾಕುತ್ತಿದ್ದ ಕಾಲವದು. ಸಂಗೀತದ ಅಧ್ಯಾಪಕಿ ಆ ಲೆಕ್ಕವನ್ನು ಬದಿಗಿಟ್ಟು ತನಗಿಂತ ಕಿರಿಯರ ಜೊತೆ ವಾರ್ಡಿನ ನೆಲ ಗುಡಿಸುವುದರಿಂದ ವಿದ್ಯಾಭ್ಯಾಸ ಆರಂಭಿಸಿದರು.

1891ರಲ್ಲಿ ತರಬೇತಿ ಮುಗಿಸಿ ಅದೇ ಆಸ್ಪತ್ರೆಯಲ್ಲಿ ವಾರ್ಡಿನ ಮುಖ್ಯ ದಾದಿಯಾದರು. 1894ರಲ್ಲಿ ಇಸಬೆಲ್ ಹ್ಯಾಂಪ್ಟನ್ ಡಾಕ್ಟರೊಬ್ಬರನ್ನು ಮದುವೆಯಾಗಿ ಕೆಲಸ ಬಿಟ್ಟಾಗ ದಾದಿಯರ ಮೇಲ್ವಿಚಾರಕಿಯ ಸ್ಥಾನವೂ ಶಾಲೆಯ ಪ್ರಾಂಶುಪಾಲೆಯ ಸ್ಥಾನವೂ ನಟಿಂಗರ ಪಾಲಿಗೆ ಬಂದವು. ಈ ಎರಡು ಸ್ಥಾನಗಳು ಒಬ್ಬರಲ್ಲೇ ಸೇರಿದ್ದು ಆ ಕಾಲದ ವಾಡಿಕೆ. ಇಡೀ ಕಥೆಯ ಗಂಟು ಇರುವುದೂ ಇಲ್ಲಿಯೇ. ಮೇಲ್ವಿಚಾರಕಿಯಾಗಿ ಅವರು ನೋಡಬೇಕಾದದ್ದು ರಾತ್ರಿ ಹಗಲು ಎಲ್ಲ ವಾರ್ಡುಗಳಲ್ಲೂ ಕೆಲಸಕ್ಕೆ ಕೈಗಳಿವೆಯೇ ಎಂದು. ಪ್ರಾಂಶುಪಾಲೆಯಾಗಿ ನೋಡಬೇಕಾದದ್ದು ಆ ಕೈಗಳ ಒಡತಿಯರು ಏನಾದರೂ ಕಲಿಯುತ್ತಿದ್ದಾರೆಯೇ ಎಂದು. ಈ ಎರಡರ ನಡುವೆ ಜಗಳ ಬಂದಾಗ ಗೆಲ್ಲುತ್ತಿದ್ದದ್ದು ಯಾವಾಗಲೂ ವಾರ್ಡು.

ಗಂಟೆಗಳ ಲೆಕ್ಕ

ಆ ಕಾಲದ ಏರ್ಪಾಡನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅಗತ್ಯ. ಅಮೆರಿಕದ ಆಸ್ಪತ್ರೆಗಳಲ್ಲಿ ರೋಗಿಗಳ ಕೆಲಸವನ್ನು ಬಹುಮಟ್ಟಿಗೆ ಮಾಡುತ್ತಿದ್ದವರು ಸಂಬಳದ ದಾದಿಯರಲ್ಲ, ಕಲಿಯಲು ಬಂದ ಹುಡುಗಿಯರು. ಅವರಿಗೆ ಊಟ, ವಸತಿ, ತಿಂಗಳಿಗೆ ಒಂದಷ್ಟು ಕೈಖರ್ಚು ಸಿಗುತ್ತಿತ್ತು. ತರಬೇತಿ ಮುಗಿಸಿದವರು ಆಸ್ಪತ್ರೆ ಬಿಟ್ಟು ಶ್ರೀಮಂತರ ಮನೆಗಳಲ್ಲಿ ಖಾಸಗಿ ದಾದಿಯರಾಗಿ ಹೋಗುತ್ತಿದ್ದರು. ಅವರು ಹೋದ ಜಾಗಕ್ಕೆ ಮತ್ತೆ ಹೊಸ ವಿದ್ಯಾರ್ಥಿನಿಯರು ಬರುತ್ತಿದ್ದರು. ಆಸ್ಪತ್ರೆಯ ಲೆಕ್ಕಪುಸ್ತಕಕ್ಕೆ ಇದಕ್ಕಿಂತ ಅನುಕೂಲ ಇನ್ನೇನಿದೆ? ಆದ್ದರಿಂದ ಶಾಲೆಗಳು ಅಣಬೆಗಳಂತೆ ಎದ್ದವು. ಸರಕಾರದ ಎಣಿಕೆಯಂತೆ ಅಮೆರಿಕದಲ್ಲಿ 1890ರಲ್ಲಿ 35 ತರಬೇತಿ ಶಾಲೆಗಳಿದ್ದರೆ 1900ರಲ್ಲಿ 432, 1910ರಲ್ಲಿ 1,129 ಆದವು. ಕೆಲವೇ ಹಾಸಿಗೆಗಳ ಆಸ್ಪತ್ರೆಯೂ ತನ್ನದೊಂದು ಶಾಲೆಯನ್ನು ತೆರೆದು ಫಲಕ ತೂಗುಹಾಕುತ್ತಿತ್ತು.

ನಟಿಂಗ್ ಮೊದಲು ಮಾಡಿದ ಕೆಲಸ ಭಾಷಣವಲ್ಲ, ಲೆಕ್ಕ. 1895ರಲ್ಲಿ ಅವರು ವಿದ್ಯಾರ್ಥಿನಿಯರ ದುಡಿಮೆಯನ್ನು ಕೂಲಂಕಷವಾಗಿ ಪರಿಶೀಲಿಸಿದರು. ವಾರಕ್ಕೆ 60ರಿಂದ 105 ಗಂಟೆಗಳವರೆಗೆ ಅವರು ದುಡಿಯುತ್ತಿದ್ದರೆಂಬುದು ಬಯಲಾಯಿತು. ವಾರಕ್ಕೆ 105 ಗಂಟೆ ಎಂದರೆ ಒಂದು ದಿನವೂ ಬಿಡುವಿಲ್ಲದೆ ದಿನಕ್ಕೆ 15 ಗಂಟೆ. ಇಷ್ಟು ದುಡಿದ ಬಳಿಕ ಸಂಜೆ ಉಪನ್ಯಾಸಕ್ಕೆ ಕುಳಿತ ಹುಡುಗಿಯ ಕಿವಿಗೆ ಏನು ಬಿದ್ದೀತು, ಮನಸ್ಸಿಗೆ ಏನು ಇಳಿದೀತು? ನಟಿಂಗ್ ಈ ಅಂಕಿಗಳನ್ನು ಆಸ್ಪತ್ರೆಯ ಆಡಳಿತ ಮಂಡಳಿಯ ಮುಂದಿಟ್ಟರು. ವಿದ್ಯೆಯ ಹೆಸರಿನಲ್ಲಿ ನಡೆಯುತ್ತಿರುವುದು ಅಗ್ಗದ ದುಡಿಮೆ, ಇದರಿಂದ ಹುಡುಗಿಯರ ಆರೋಗ್ಯವೂ ಕೆಡುತ್ತದೆ, ಓದೂ ಕೆಡುತ್ತದೆ, ಕೊನೆಗೆ ರೋಗಿಗೆ ಸಿಗುವ ಶುಶ್ರೂಷೆಯೂ ಕೆಡುತ್ತದೆ ಎಂಬುದು ಅವರ ವರದಿಯ ಸಾರ.

ಈ ಮೂರನೆಯ ಮಾತನ್ನು ನಾವು ಗಮನಿಸಬೇಕು. ಹುಡುಗಿಯರ ಮೇಲೆ ಕನಿಕರ ತೋರಿರಿ ಎಂದಷ್ಟೇ ಅವರು ಕೇಳಿದ್ದರೆ ಆಡಳಿತ ಮಂಡಳಿಯವರು ತಲೆದೂಗಿ ಕಡತವನ್ನು ಮುಚ್ಚಿಡುತ್ತಿದ್ದರೇನೋ. ಕಲಿಯದ ದಾದಿಯ ಬೆಲೆಯನ್ನು ತೆರುವವನು ಹಾಸಿಗೆಯಲ್ಲಿರುವ ರೋಗಿ ಎಂದು ತೋರಿಸಿಕೊಟ್ಟದ್ದರಲ್ಲಿ ಅವರ ಜಾಣ್ಮೆಯಿತ್ತು.

1896ರಲ್ಲಿ ಹಾಪ್ಕಿನ್ಸ್ ಶಾಲೆಯ ಏರ್ಪಾಡು ಬದಲಾಯಿತು. ಎರಡು ವರ್ಷಗಳ ತರಬೇತಿ ಮೂರು ವರ್ಷಗಳದಾಯಿತು. ದಿನದ ಕೆಲಸಕ್ಕೆ ಎಂಟು ಗಂಟೆಗಳ ಮಿತಿ ಬಂತು. ವಿದ್ಯಾರ್ಥಿನಿಯರಿಗೆ ಕೊಡುತ್ತಿದ್ದ ಮಾಸಿಕ ಕೈಖರ್ಚು ನಿಂತಿತು. ಬದಲಿಗೆ ಬಡವರಿಗೆ ವಿದ್ಯಾರ್ಥಿವೇತನ ಬಂತು.

ಕೈಖರ್ಚು ನಿಲ್ಲಿಸಿದ್ದನ್ನು ಕೇಳಿ ಇದೆಂಥ ಸುಧಾರಣೆ ಎಂದು ಕೆಲವರಿಗೆ ಅನಿಸಬಹುದು. ಕೊಡುವ ನಾಲ್ಕು ಕಾಸನ್ನೂ ಕಿತ್ತುಕೊಳ್ಳುವುದು ಒಳ್ಳೆಯ ಕೆಲಸವೇ? ಆದರೆ ಆ ನಾಲ್ಕು ಕಾಸೇ ಹುಡುಗಿಯರ ಕಾಲಿನ ಸರಪಳಿಯಾಗಿತ್ತು. ಕಾಸು ಕೊಡುವವನಿಗೆ ಕೆಲಸ ಹೇಳುವ ಅಧಿಕಾರವಿದೆ. ಹಣ ಪಡೆಯುವವಳು ಆಳು, ಆಳಿಗೆ ಪಾಠವೇಕೆ? ನಟಿಂಗ್ ಆ ಕಾಸನ್ನು ಬಿಟ್ಟುಕೊಟ್ಟು ಅದರ ಬದಲಿಗೆ ಸಮಯವನ್ನೂ ಪಾಠವನ್ನೂ ಕೇಳಿದರು. ವಿದ್ಯಾರ್ಥಿನಿ ವಿದ್ಯಾರ್ಥಿನಿಯೇ ಎಂದು ಕಾಗದದ ಮೇಲೆ ಬರುವಂತೆ ಮಾಡಿದರು. ಬಡವರ ಮಕ್ಕಳಿಗೆ ಇದರಿಂದ ಬಾಗಿಲು ಮುಚ್ಚದಿರಲೆಂದೇ ವಿದ್ಯಾರ್ಥಿವೇತನದ ಏರ್ಪಾಡು.

1901ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಅದುವರೆಗೆ ಶಾಲೆಗೆ ಸೇರಿದ ಹುಡುಗಿಯನ್ನು ನೇರವಾಗಿ ವಾರ್ಡಿಗೆ ಕಳುಹಿಸುವುದು ರೂಢಿ. ಕಲಿಯುವುದೆಲ್ಲ ರೋಗಿಯ ಮೈಮೇಲೆಯೇ. ನಟಿಂಗ್ ಆರು ತಿಂಗಳ ಪೂರ್ವಭಾವಿ ಶಿಕ್ಷಣವನ್ನು ತಂದರು. ದೇಹರಚನೆ, ದೇಹದ ಅಂಗಗಳು ಕೆಲಸ ಮಾಡುವ ಬಗೆ, ಆರೋಗ್ಯಶಾಸ್ತ್ರ, ಔಷಧಗಳ ಪರಿಚಯ, ಶುಶ್ರೂಷೆಯ ಪ್ರಾಥಮಿಕ ಪಾಠ ಇವನ್ನೆಲ್ಲ ಕಲಿತ ಮೇಲೆಯೇ ವಾರ್ಡಿಗೆ ಕಾಲಿಡಬೇಕು. ಈಜು ಬಾರದವನನ್ನು ಹೊಳೆಗೆ ತಳ್ಳಿ ಕಲಿಸುವ ಪದ್ಧತಿಗೆ ಅಲ್ಲಿ ಕೊನೆ ಬಂತು. ಶಾಲೆಗೆಂದೇ ಒಂದು ಪುಸ್ತಕ ಭಂಡಾರವನ್ನೂ ಅವರು ಕಟ್ಟಿದರು.

ಇಷ್ಟೆಲ್ಲ ಆದರೂ ಒಂದು ಕೊರತೆ ಉಳಿಯಿತು. ಶಾಲೆಗೆ ತನ್ನದೆಂಬ ದತ್ತಿ ಇರಲಿಲ್ಲ. ಅದರ ಚೀಲ ಆಸ್ಪತ್ರೆಯ ಚೀಲದೊಳಗಿತ್ತು. 1904ರ ಫೆಬ್ರವರಿಯಲ್ಲಿ ಬಾಲ್ಟಿಮೋರ್ ನಗರದ ಪೇಟೆ ಬೆಂಕಿಗೆ ಆಹುತಿಯಾದಾಗ ಆಸ್ಪತ್ರೆಗೆ ಬಾಡಿಗೆ ತರುತ್ತಿದ್ದ ಕಟ್ಟಡಗಳೂ ಸುಟ್ಟುಹೋದವು. ರಾಕ್‌ಫೆಲ್ಲರ್ ಎಂಬ ಕೋಟ್ಯಧಿಪತಿ ಐದು ಲಕ್ಷ ಡಾಲರ್ ಕೊಟ್ಟು ಆಸ್ಪತ್ರೆಯ ಕೈಹಿಡಿದರು. ಆಸ್ಪತ್ರೆ ಎಡವಿದರೆ ಶಾಲೆಯೂ ಎಡವಬೇಕು ಎಂಬ ಸ್ಥಿತಿಯಲ್ಲಿ ವಿದ್ಯೆಗೆ ಎಲ್ಲಿಯ ಭದ್ರತೆ?

ಒಗ್ಗಟ್ಟು ಮತ್ತು ಕಾನೂನು

ಒಬ್ಬರಿಂದ ಆಗದ ಕೆಲಸ ಹಲವರಿಂದ ಆಗುತ್ತದೆ ಎಂಬುದನ್ನು ನಟಿಂಗ್ ಬೇಗನೆ ಅರಿತರು. ತರಬೇತಿ ಶಾಲೆಗಳ ಮೇಲ್ವಿಚಾರಕಿಯರ ಸಂಘವೊಂದು 1893ರಲ್ಲಿ ಇಸಬೆಲ್ ಹ್ಯಾಂಪ್ಟನ್ ಮೊದಲಾದವರ ಪ್ರಯತ್ನದಿಂದ ಚಿಕಾಗೋದಲ್ಲಿ ಹುಟ್ಟಿತ್ತು. 1896ರಲ್ಲಿ ನಟಿಂಗ್ ಅದರ ಅಧ್ಯಕ್ಷೆಯಾದರು. ಮುಂದೆ ಇನ್ನೊಮ್ಮೆಯೂ ಆ ಸ್ಥಾನಕ್ಕೆ ಬಂದರು. 1900ರಲ್ಲಿ ದಾದಿಯರದೇ ಆದ ಮಾಸಪತ್ರಿಕೆಯೊಂದು ಹೊರಬಂದಾಗ ಅದರ ಸ್ಥಾಪನೆಯಲ್ಲೂ ಅವರ ಕೈ ಇತ್ತು.

ಆ ದಿನಗಳಲ್ಲಿ ಯಾರು ಬೇಕಾದರೂ ತಾನು ದಾದಿ ಎಂದು ಹೇಳಿಕೊಳ್ಳಬಹುದಿತ್ತು. ಮೂರು ವರ್ಷ ಕಲಿತವಳಿಗೂ ಮೂರು ವಾರ ಆಸ್ಪತ್ರೆಯಲ್ಲಿ ಓಡಾಡಿದವಳಿಗೂ ಜನರ ಕಣ್ಣಿಗೆ ವ್ಯತ್ಯಾಸವಿರಲಿಲ್ಲ. 1903ರಲ್ಲಿ ಮೇರಿಲ್ಯಾಂಡ್ ರಾಜ್ಯದ ದಾದಿಯರ ಸಂಘ ಸ್ಥಾಪನೆಯಾದಾಗ ನಟಿಂಗ್ ಅದರ ಮೊದಲ ಅಧ್ಯಕ್ಷೆಯಾದರು. ಮರುವರ್ಷವೇ ದಾದಿಯರ ನೋಂದಣಿಯ ಕಾನೂನು ಆ ರಾಜ್ಯದಲ್ಲಿ ಬಂತು. ಅಮೆರಿಕದ ಹೆಂಗಸರಿಗೆ ಇನ್ನೂ ದೇಶದಾದ್ಯಂತ ಮತದಾನದ ಹಕ್ಕಿಲ್ಲದ ಕಾಲದಲ್ಲಿ ಹೆಂಗಸರು ಒಂದಾಗಿ ಶಾಸನಸಭೆಯಿಂದ ಕಾನೂನು ಮಾಡಿಸಿಕೊಂಡದ್ದು ಸಣ್ಣ ಸಂಗತಿಯಲ್ಲ.

ವಿಶ್ವವಿದ್ಯಾಲಯದ ಬಾಗಿಲು

ಶಾಲೆಗಳು ಹೆಚ್ಚುತ್ತಿದ್ದವು, ಆದರೆ ಅವುಗಳಲ್ಲಿ ಪಾಠ ಹೇಳುವವರು ಯಾರು? ವಾರ್ಡಿನಲ್ಲಿ ಚುರುಕಾಗಿದ್ದ ದಾದಿಯನ್ನು ತಂದು ಕುರ್ಚಿಯಲ್ಲಿ ಕೂರಿಸಿ ಇನ್ನು ನೀನು ಪ್ರಾಂಶುಪಾಲೆ ಎನ್ನುತ್ತಿದ್ದರು. ಪಾಠ ಯೋಜಿಸುವುದು ಹೇಗೆ, ಆಯವ್ಯಯ ಬರೆಯುವುದು ಹೇಗೆ, ನೂರಾರು ಜನರ ಅಡುಗೆಮನೆ ಮತ್ತು ಬಟ್ಟೆ ಒಗೆಯುವ ವಿಭಾಗ ನಡೆಸುವುದು ಹೇಗೆ ಎಂಬುದನ್ನು ಆಕೆಗೆ ಯಾರೂ ಕಲಿಸಿರಲಿಲ್ಲ. ಒಳ್ಳೆಯ ದಾದಿ ತಾನಾಗಿ ಒಳ್ಳೆಯ ಅಧ್ಯಾಪಕಿಯೂ ಆಡಳಿತಗಾರ್ತಿಯೂ ಆಗಿಬಿಡುತ್ತಾಳೆ ಎಂಬ ನಂಬಿಕೆ ಎಲ್ಲ ಕಡೆ ಇತ್ತು. ಈ ನಂಬಿಕೆ ಇಂದೂ ಪೂರ್ತಿ ಹೋಗಿಲ್ಲ.

ಇದಕ್ಕೆ ಪರಿಹಾರ ಹುಡುಕಿ ಇಸಬೆಲ್ ಹ್ಯಾಂಪ್ಟನ್ ರಾಬ್ ಮತ್ತು ಅವರ ಗೆಳತಿಯರು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಸೇರಿದ ಟೀಚರ್ಸ್ ಕಾಲೇಜಿನ ಡೀನರಾದ ಜೇಮ್ಸ್ ರಸೆಲ್ ಅವರ ಬಳಿಗೆ ಹೋದರು. ಅಧ್ಯಾಪಕರನ್ನು ತಯಾರು ಮಾಡುವ ಕಾಲೇಜು ಅದು. 1899ರಲ್ಲಿ ಅಲ್ಲಿ ಆಸ್ಪತ್ರೆಯ ಆಡಳಿತ ಕಲಿಸುವ ಒಂದು ಪ್ರಾಯೋಗಿಕ ತರಗತಿ ಆರಂಭವಾಯಿತು. ಸೇರಿದವರು ಬೆರಳೆಣಿಕೆಯಷ್ಟು ಮಂದಿ. ಖರ್ಚಿಗೆ ಮೇಲ್ವಿಚಾರಕಿಯರ ಸಂಘದವರೇ ಹಣ ಕೂಡಿಸಿದರು. ನಟಿಂಗ್ ಬಾಲ್ಟಿಮೋರಿನ ಕೆಲಸದ ನಡುವೆಯೂ ನ್ಯೂಯಾರ್ಕಿಗೆ ಹೋಗಿ ಪಾಠ ಹೇಳಿ ಬರುತ್ತಿದ್ದರು.

ಈ ತರಗತಿಯ ವಿಶೇಷವನ್ನು ನಾವು ಸರಿಯಾಗಿ ತಿಳಿಯಬೇಕು. ಇದು ದಾದಿಯಾಗಲು ಬಯಸುವ ಹುಡುಗಿಯರಿಗೆ ಅಲ್ಲ, ಆಗಲೇ ತರಬೇತಿ ಮುಗಿಸಿ ಅನುಭವ ಪಡೆದ ದಾದಿಯರಿಗೆ. ಕಲಿತ ಮೇಲೂ ಕಲಿಯುವುದಿದೆ, ಮುಂದಾಳಾಗುವುದಕ್ಕೂ ಪಾಠ ಬೇಕು ಎಂಬ ವಿಚಾರ ಈ ಉದ್ಯೋಗದಲ್ಲಿ ಗಟ್ಟಿಯಾಗಿ ನೆಲೆಗೊಂಡದ್ದು ಇಲ್ಲಿ. ಇಂದು ನಾವು ನರ್ಸಿಂಗಿನ ಉನ್ನತ ಶಿಕ್ಷಣ ಎಂದು ಕರೆಯುವುದರ ಬೀಜ ಆ ಸಣ್ಣ ತರಗತಿಯಲ್ಲಿತ್ತು.

1907ರಲ್ಲಿ ನಟಿಂಗ್ ಬಾಲ್ಟಿಮೋರ್ ಬಿಟ್ಟು ಪೂರ್ಣಾವಧಿಯ ಪ್ರಾಧ್ಯಾಪಕಿಯಾಗಿ ಟೀಚರ್ಸ್ ಕಾಲೇಜಿಗೆ ಬಂದರು. ಪ್ರಪಂಚದಲ್ಲಿಯೇ ವಿಶ್ವವಿದ್ಯಾಲಯವೊಂದರ ಪ್ರಾಧ್ಯಾಪಕ ಪೀಠವನ್ನು ಏರಿದ ಮೊದಲ ದಾದಿ ಅವರು. ಸ್ವತಃ ಅವರು ಯಾವ ಕಾಲೇಜಿನ ಪದವಿಯನ್ನೂ ಪಡೆದವರಲ್ಲ. ಅವರ ಕಾಲದ ದಾದಿಗೆ ಅಂಥ ಪದವಿ ಇರಲೇ ಇಲ್ಲ. ತಮಗೆ ಸಿಗದ ಮೆಟ್ಟಿಲನ್ನು ಇತರರಿಗಾಗಿ ಕಟ್ಟಿದ ಅವರಿಗೆ ಮುಂದೆ ಯೇಲ್ ವಿಶ್ವವಿದ್ಯಾಲಯ ಗೌರವ ಪದವಿ ಕೊಟ್ಟಿತು.

1910ರಲ್ಲಿ ಹೆಲೆನ್ ಹಾರ್ಟ್ಲಿ ಜೆಂಕಿನ್ಸ್ ಎಂಬ ದಾನಿಯ ದೊಡ್ಡ ದತ್ತಿಯಿಂದ ನರ್ಸಿಂಗ್ ಮತ್ತು ಆರೋಗ್ಯದ ಪ್ರತ್ಯೇಕ ವಿಭಾಗವೇ ಸ್ಥಾಪನೆಯಾಯಿತು. ನ್ಯೂಯಾರ್ಕಿನ ಬಡವರ ಕೇರಿಗಳಲ್ಲಿ ಮನೆಮನೆಗೆ ದಾದಿಯರನ್ನು ಕಳುಹಿಸುತ್ತಿದ್ದ ಲಿಲಿಯನ್ ವಾಲ್ಡ್ ಈ ದಾನದ ಹಿಂದಿನ ಪ್ರೇರಣೆ. ನಟಿಂಗ್ ಅದರ ಮುಖ್ಯಸ್ಥೆಯಾದರು. ವಿಭಾಗದಲ್ಲಿ ಮೂರು ದಾರಿಗಳಿದ್ದವು. ತರಬೇತಿ ಶಾಲೆಗಳಲ್ಲಿ ಪಾಠ ಹೇಳುವುದು ಒಂದು. ಶಾಲೆ ಮತ್ತು ಆಸ್ಪತ್ರೆಗಳ ಆಡಳಿತ ನಡೆಸುವುದು ಇನ್ನೊಂದು. ಆಸ್ಪತ್ರೆಯ ಹೊರಗೆ ಮನೆ, ಶಾಲೆ, ಕಾರ್ಖಾನೆಗಳಲ್ಲಿ ಜನಾರೋಗ್ಯದ ಕೆಲಸ ಮಾಡುವುದು ಮೂರನೆಯದು. ಬಹುಕಾಲದಿಂದ ನಟಿಂಗ್ ಬಯಸಿದ್ದು ಇಲ್ಲಿ ಕೈಗೂಡಿತು. ಆಸ್ಪತ್ರೆಯ ಚೀಲಕ್ಕೆ ಕಟ್ಟಿಹಾಕದ, ತನ್ನದೇ ಹಣದ ಮೇಲೆ ನಿಂತ ದಾದಿಯರ ವಿದ್ಯಾಸ್ಥಾನ ಅದಾಗಿತ್ತು.

ಅದೇ 1910ರ ಏಪ್ರಿಲಿನಲ್ಲಿ ಇಸಬೆಲ್ ರಾಬ್ ಕ್ಲೀವ್‌ಲ್ಯಾಂಡ್ ನಗರದ ಬೀದಿಯಲ್ಲಿ ಟ್ರಾಮಿನ ಅಪಘಾತಕ್ಕೆ ಬಲಿಯಾದರು. ಗುರುವೂ ಗೆಳತಿಯೂ ಆಗಿದ್ದವರು ಹೋದ ಬಳಿಕ ಹೊರೆಯೆಲ್ಲ ನಟಿಂಗರ ಹೆಗಲಿಗೆ ಬಂತು.

ಬರಹ ಮತ್ತು ಯುದ್ಧಕಾಲ

ಒಂದು ಉದ್ಯೋಗಕ್ಕೆ ಗೌರವ ಬರಬೇಕಾದರೆ ಅದಕ್ಕೊಂದು ಚರಿತ್ರೆ ಇರಬೇಕು. ತಾವು ಎಲ್ಲಿಂದ ಬಂದೆವೆಂದು ತಿಳಿಯದವರಿಗೆ ಎಲ್ಲಿಗೆ ಹೋಗಬೇಕೆಂದು ತಿಳಿಯುವುದು ಕಷ್ಟ. ನಟಿಂಗ್ ಮತ್ತು ಅವರ ಹಿಂದಿನ ಸಹೋದ್ಯೋಗಿ ಲವಿನಿಯ ಡಾಕ್ ಸೇರಿ ಶುಶ್ರೂಷೆಯ ಚರಿತ್ರೆಯನ್ನು ಬರೆದರು. ಅದರ ಮೊದಲೆರಡು ಸಂಪುಟಗಳು 1907ರಲ್ಲಿ ಹೊರಬಂದವು. 1912ರ ಹೊತ್ತಿಗೆ ನಾಲ್ಕು ಸಂಪುಟಗಳೂ ಪೂರ್ಣವಾದವು. ನೈಟಿಂಗೇಲರ ಪತ್ರಗಳನ್ನೂ ನರ್ಸಿಂಗಿನ ಹಳೆಯ ಪುಸ್ತಕಗಳನ್ನೂ ಹುಡುಕಿ ಹುಡುಕಿ ಸಂಗ್ರಹಿಸಿದರು. ಅವರ ಹೆಸರಿನ ಆ ಸಂಗ್ರಹ ಟೀಚರ್ಸ್ ಕಾಲೇಜಿಗೆ ಸೇರಿತು.

1912ರಲ್ಲಿ ಅಮೆರಿಕ ಸರಕಾರದ ಶಿಕ್ಷಣ ಇಲಾಖೆ ಪ್ರಕಟಿಸಿದ ಒಂದು ವರದಿಯಲ್ಲಿ ನಟಿಂಗ್ ದೇಶದ ತರಬೇತಿ ಶಾಲೆಗಳ ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ತೋರಿಸಿದರು. ಪ್ರವೇಶಕ್ಕೆ ಯಾವ ಮಟ್ಟದ ಓದು ಬೇಕು, ದಿನಕ್ಕೆಷ್ಟು ಗಂಟೆ ದುಡಿತ, ಪಾಠ ಹೇಳುವವರು ಯಾರು ಎಂಬ ಪ್ರಶ್ನೆಗಳಿಗೆ ಒಂದೊಂದು ಊರಿನಲ್ಲಿ ಒಂದೊಂದು ಉತ್ತರ. 1917ರಲ್ಲಿ ಅವರ ಮುಂದಾಳುತನದ ಸಮಿತಿ ಇಡೀ ದೇಶದ ಶಾಲೆಗಳಿಗೆ ಮಾದರಿಯಾಗುವಂಥ ಪಠ್ಯಕ್ರಮವನ್ನು ತಯಾರಿಸಿತು.

ಅದೇ ವರ್ಷ ಅಮೆರಿಕ ಮೊದಲನೆಯ ಮಹಾಯುದ್ಧಕ್ಕೆ ಇಳಿಯಿತು. ದೇಶರಕ್ಷಣಾ ಮಂಡಳಿಯ ನರ್ಸಿಂಗ್ ಸಮಿತಿಗೆ ನಟಿಂಗ್ ಅಧ್ಯಕ್ಷೆ. ಯುದ್ಧದ ಗಾಯಾಳುಗಳಿಗೆ ಸಾವಿರಾರು ದಾದಿಯರು ಬೇಕು. ಎರಡು ವಾರ ಕಲಿಸಿ ಕಳುಹಿಸಿದರೆ ಸಾಲದೇ ಎಂಬ ಒತ್ತಾಯ ಎದ್ದಿತು. ಆದರೆ ಅವರು ಮಟ್ಟ ಇಳಿಸಲು ಒಪ್ಪದವರ ಪಾಳಯದಲ್ಲಿದ್ದರು. ಬೇರೊಂದು ದಾರಿ ತೆರೆಯಿತು. 1918ರ ಬೇಸಗೆಯಲ್ಲಿ ವ್ಯಾಸರ್ ಕಾಲೇಜಿನಲ್ಲಿ ನಡೆದ ಶಿಬಿರಕ್ಕೆ ಕಾಲೇಜು ಪದವಿ ಪಡೆದ ನಾನೂರಕ್ಕೂ ಹೆಚ್ಚು ತರುಣಿಯರು ಬಂದರು. ಅಲ್ಲಿ ಮೂರು ತಿಂಗಳು ವಿಜ್ಞಾನದ ಪಾಠ ಮುಗಿಸಿ ಆಸ್ಪತ್ರೆಗಳ ಶಾಲೆಗೆ ಹೋದರು. ಓದಿದ ಹುಡುಗಿಯರು ದಾದಿಯ ಕೆಲಸಕ್ಕೆ ಬರುವುದಿಲ್ಲ ಎಂಬ ಮಾತು ಸುಳ್ಳಾಯಿತು. ಸರಿಯಾದ ಶಾಲೆ ಇದ್ದರೆ ಅವರು ಬರುತ್ತಾರೆ.

ಅರ್ಧ ಗೆಲುವು

ಯುದ್ಧದ ಬಳಿಕ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ನರ್ಸಿಂಗ್ ಶಿಕ್ಷಣದ ತನಿಖೆಗೆ ಸಮಿತಿಯೊಂದು ನೇಮಕವಾಯಿತು. ನಟಿಂಗ್ ಅದರ ಸದಸ್ಯೆ. ಕಾರ್ಯದರ್ಶಿ ಜೋಸೆಫೀನ್ ಗೋಲ್ಡ್‌ಮಾರ್ಕ್. 1923ರಲ್ಲಿ ಅದರ ವರದಿ ಬಂತು. 1895ರಲ್ಲಿ ನಟಿಂಗ್ ಒಂದು ಆಸ್ಪತ್ರೆಯ ಆಡಳಿತ ಮಂಡಳಿಗೆ ಹೇಳಿದ್ದನ್ನೇ ಈಗ ಇಡೀ ದೇಶಕ್ಕೆ ಸಮಿತಿ ಹೇಳಿತು. ಶಾಲೆಗೆ ಸ್ವಂತ ನಿಧಿ ಬೇಕು, ಮುಂದಾಳುಗಳಾಗುವವರಿಗೆ ವಿಶ್ವವಿದ್ಯಾಲಯದ ಶಿಕ್ಷಣ ಬೇಕು. ಅದೇ 1923ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ವತಂತ್ರ ನರ್ಸಿಂಗ್ ಶಾಲೆ ತೆರೆಯಿತು. ಟೀಚರ್ಸ್ ಕಾಲೇಜಿನಲ್ಲಿ ನಟಿಂಗರ ಜೊತೆ ದುಡಿದಿದ್ದ ಆನಿ ಗುಡ್ರಿಚ್ ಅದರ ಡೀನ್ ಆದರು.

ಇದೆಲ್ಲ ಪೂರ್ಣ ವಿಜಯವಾಗಿತ್ತೇ? ಇಲ್ಲವೆಂದೇ ಹೇಳಬೇಕು. 1925ರಲ್ಲಿ ನಟಿಂಗ್ ನಿವೃತ್ತರಾದಾಗಲೂ ಅಮೆರಿಕದ ಹೆಚ್ಚಿನ ಶಾಲೆಗಳು ಆಸ್ಪತ್ರೆಯ ಚೀಲದೊಳಗೇ ಇದ್ದವು. ವಿದ್ಯಾರ್ಥಿನಿಯರ ಕೈಗಳೇ ವಾರ್ಡನ್ನು ನಡೆಸುತ್ತಿದ್ದವು. ಮರುವರ್ಷ ಅವರು ಬರೆದ ಪುಸ್ತಕದ ವಿಷಯವೂ ಶಾಲೆಗಳಿಗೆ ಭದ್ರವಾದ ಆರ್ಥಿಕ ತಳಹದಿ ಬೇಕೆಂಬುದೇ. ಮೂವತ್ತು ವರ್ಷ ಒಂದೇ ಮಾತನ್ನು ಹೇಳಲು ಬೇಕಾದ ತಾಳ್ಮೆ ಎಲ್ಲರಲ್ಲೂ ಇರುವುದಿಲ್ಲ.

ಆದರೆ ಅವರು ಬರಿಯ ಮಾತನ್ನಲ್ಲ, ಮನುಷ್ಯರನ್ನು ಬಿಟ್ಟುಹೋದರು. ಶಿಷ್ಯೆ ಇಸಬೆಲ್ ಸ್ಟೀವರ್ಟ್ ಅವರ ಪೀಠಕ್ಕೆ ಬಂದರು. ಆ ವಿಭಾಗದಲ್ಲಿ ಓದಿದವರು ನಾನಾ ದೇಶಗಳಲ್ಲಿ ಶಾಲೆಗಳನ್ನು ಕಟ್ಟಿದರು. 1934ರಲ್ಲಿ ನೈಟಿಂಗೇಲ್ ಅಂತರರಾಷ್ಟ್ರೀಯ ಪ್ರತಿಷ್ಠಾನದ ಗೌರವಾಧ್ಯಕ್ಷತೆ ನಟಿಂಗರಿಗೆ ಸಂದಿತು. 1944ರಲ್ಲಿ ಅಮೆರಿಕದ ನರ್ಸಿಂಗ್ ಶಿಕ್ಷಣ ಸಂಘ ಅವರ ಹೆಸರಿನಲ್ಲಿ ಒಂದು ಪದಕವನ್ನು ಸ್ಥಾಪಿಸಿ ಮೊದಲ ಪದಕವನ್ನು ಅವರಿಗೇ ಕೊಟ್ಟಿತು. ಅವಿವಾಹಿತರಾಗಿಯೇ ಉಳಿದಿದ್ದ ಅವರು 1948ರ ಅಕ್ಟೋಬರ್ 3ರಂದು ನ್ಯೂಯಾರ್ಕ್ ರಾಜ್ಯದ ವೈಟ್ ಪ್ಲೇನ್ಸ್ ಎಂಬಲ್ಲಿ ತೀರಿಕೊಂಡರು. ತೊಂಬತ್ತು ತುಂಬಲು ಒಂದು ತಿಂಗಳೂ ಉಳಿದಿರಲಿಲ್ಲ.

ಅವರ ಬಳಿಕ

ಟೀಚರ್ಸ್ ಕಾಲೇಜಿನಲ್ಲಿ ಓದಿ 1953ರಲ್ಲಿ ಡಾಕ್ಟರೇಟ್ ಪಡೆದ ಹಿಲ್ಡೆಗಾರ್ಡ್ ಪೆಪ್ಲೌ ಮುಂದೆ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಮನೋರೋಗಿಗಳ ಶುಶ್ರೂಷೆಯಲ್ಲಿ ಪರಿಣತಿ ಕೊಡುವ ಸ್ನಾತಕೋತ್ತರ ಶಿಕ್ಷಣವನ್ನು ಬೆಳೆಸಿದರು. 1965ರಲ್ಲಿ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಲೊರೆಟ ಫೋರ್ಡ್ ಎಂಬ ದಾದಿಯೂ ಹೆನ್ರಿ ಸಿಲ್ವರ್ ಎಂಬ ಡಾಕ್ಟರೂ ಸೇರಿ ನರ್ಸ್ ಪ್ರಾಕ್ಟೀಷನರ್ ಎಂಬ ಹೊಸ ಶಿಕ್ಷಣವನ್ನು ಆರಂಭಿಸಿದರು. ಡಾಕ್ಟರಿಲ್ಲದ ಹಳ್ಳಿಗಳಲ್ಲಿ ಮಕ್ಕಳನ್ನು ಪರೀಕ್ಷಿಸಿ ಆರೈಕೆ ಮಾಡಬಲ್ಲ ದಾದಿಯರು ಅದರಿಂದ ತಯಾರಾದರು. ದಾದಿಗೆ ಪದವಿಯೇಕೆ ಎಂದು ಕೇಳುತ್ತಿದ್ದವರಿಗೆ ಇವು ಉತ್ತರಗಳು.

ನಮ್ಮ ದೇಶದಲ್ಲಿ ದಾದಿಯರಿಗೆ ಪದವಿ ಶಿಕ್ಷಣ ಬಂದದ್ದು 1946ರಲ್ಲಿ, ದೆಹಲಿಯಲ್ಲಿ ಮತ್ತು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ದೆಹಲಿಯ ಕಾಲೇಜಿಗೆ ಮುಂದೆ ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ ಕೌರ್ ಅವರ ಹೆಸರಿಟ್ಟರು. ಅಲ್ಲಿಯೇ 1959ರಲ್ಲಿ ನರ್ಸಿಂಗಿನ ಎಂ.ಎಸ್ಸಿ. ಆರಂಭವಾಯಿತು. ದೇಶದಲ್ಲಿ ಅದೇ ಮೊದಲನೆಯದು. ಇಂದು ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಮುಂದೆ ಪದವಿಯನ್ನೂ ನಾಲ್ಕು ವರ್ಷದ ಪದವಿ ಮುಗಿಸಿದವರು ಎಂ.ಎಸ್ಸಿ.ಯನ್ನೂ ಮಾಡಬಹುದು. ತುರ್ತು ನಿಗಾ ಘಟಕದ ದಾದಿಯರಿಗಾಗಿ ನರ್ಸ್ ಪ್ರಾಕ್ಟೀಷನರ್ ಶಿಕ್ಷಣವೂ ಭಾರತಕ್ಕೆ ಬಂದಿದೆ.

ನಮ್ಮ ಮನೆಗಳಲ್ಲಿ ಮಗಳನ್ನು ನರ್ಸಿಂಗಿಗೆ ಸೇರಿಸುವಾ‌ಗ ನಡೆಯುವ ಮಾತುಕತೆ ಸಾಮಾನ್ಯವಾಗಿ ಎರಡೇ: ಶುಲ್ಕವೆಷ್ಟು, ಕೆಲಸ ಎಲ್ಲಿ ಸಿಗುತ್ತದೆ. ಈ ಎರಡೂ ಬೇಕಾದ ಪ್ರಶ್ನೆಗಳೇ. ಸಾಲ ಮಾಡಿ ಓದಿಸುವ ತಂದೆತಾಯಿಯರನ್ನು ಇದಕ್ಕಾಗಿ ಯಾರೂ ದೂರುವಂತಿಲ್ಲ. ಆದರೆ ನಟಿಂಗರ ಬದುಕನ್ನು ಓದಿದವರು ಇನ್ನು ಮೂರನ್ನು ಸೇರಿಸಿ ಕೇಳಬೇಕೆಂಬುದು ನಮ್ಮ ಸಲಹೆ. ಆ ಕಾಲೇಜಿನಲ್ಲಿ ಪಾಠ ಹೇಳುವವರು ಏನು ಓದಿದವರು? ವಾರ್ಡಿಗೆ ಕಳುಹಿಸುವುದು ಕಲಿಸುವುದಕ್ಕೋ, ಕೈಗಳ ಕೊರತೆ ತುಂಬುವುದಕ್ಕೋ? ಇಲ್ಲಿ ಮುಗಿಸಿದವಳಿಗೆ ಮುಂದಿನ ಮೆಟ್ಟಿಲು ಹತ್ತಲು ದಾರಿಯಿದೆಯೇ?

ಕಲಿತ ದಾದಿಯಿಂದ ಲಾಭ ಪಡೆಯುವುದು ಆಕೆಯ ಮನೆಯೊಂದೇ ಅಲ್ಲ. ಊರಿನ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿರುವ ಅಜ್ಜಿಗೆ ಎದೆಯಲ್ಲಿ ಉರಿಯೋ ನೋವೋ ಎಂದು ಕನ್ನಡದಲ್ಲಿ ಕೇಳಿ, ಅದರ ಅರ್ಥವನ್ನು ತಿಳಿದು, ತಕ್ಷಣ ಏನು ಮಾಡಬೇಕೆಂದು ನಿರ್ಧರಿಸಬಲ್ಲ ದಾದಿ ನಮಗೆ ಬೇಕು. ಭಾಷೆ ಆಕೆಗೆ ಮನೆಯಿಂದ ಬಂದಿರುತ್ತದೆ. ಉಳಿದದ್ದನ್ನು ಒಳ್ಳೆಯ ಶಾಲೆ ಕೊಡಬೇಕು. ನಮ್ಮ ಹೆಣ್ಣುಮಕ್ಕಳು ಕೆಲಸ ಸಿಕ್ಕಿತೆಂದು ಓದು ನಿಲ್ಲಿಸದೆ ಮುಂದಿನ ಮೆಟ್ಟಿಲನ್ನೂ ಹತ್ತಲಿ. ಅವರಿಗೆ ವಯಸ್ಸಾಯಿತು, ಇನ್ನೇಕೆ ಓದು ಎನ್ನುವ ಮನೆಯ ಹಿರಿಯರಿಗೆ ನಾವು ನೆನಪಿಸುವುದು ಇಷ್ಟೇ: ಅಡಿಲೇಡ್ ನಟಿಂಗ್ ದಾದಿಯಾಗಲು ಹೊರಟದ್ದೇ ಮೂವತ್ತು ದಾಟಿದ ಮೇಲೆ.